ಗಣಿತದ ತರಗತಿಯಿಂದ ಚಂದ್ರಯಾನದವರೆಗೆ: ಮಾರ್ಗರೆಟ್ ಹ್ಯಾಮಿಲ್ಟನ್ ಅವರ ವೃತ್ತಿಪಥ

ಗಣಕಯಂತ್ರವೆಂಬ ಪದವು ಇಂದು ಶಾಲಾಬಾಲಕರ ನಾಲಗೆಯ ಮೇಲೂ ನಲಿದಾಡುತ್ತಿದೆ. ಆದರೆ ಆ ಯಂತ್ರಕ್ಕೆ ‘ಇದನ್ನು ಮೊದಲು ಮಾಡು, ಅದನ್ನು ಆಮೇಲೆ ಮಾಡು, ಇದು ತಪ್ಪಿದರೆ ಹೀಗೆ ಮಾಡು’ ಎಂದು ಆಜ್ಞೆಗಳನ್ನು ಅಣಿಮಾಡಿಕೊಡುವ ಕಾರ್ಯವು, ಎಂದರೆ ತಂತ್ರಾಂಶ ರಚನೆಯು, ಒಂದು ಸ್ವತಂತ್ರ ವೃತ್ತಿಯಾಗಿ ರೂಪುಗೊಂಡು ಇನ್ನೂ ಒಂದು ಶತಮಾನವೂ ಸಂದಿಲ್ಲ. ಈ ವೃತ್ತಿಗೆ ವಿದ್ಯಾಲಯವಾಗಲಿ ಪಠ್ಯಪುಸ್ತಕವಾಗಲಿ ಇಲ್ಲದಿದ್ದ ಕಾಲದಲ್ಲಿ ಅದನ್ನು ಕೈಗೊಂಡವರಲ್ಲಿ ಅಮೆರಿಕದ ಮಾರ್ಗರೆಟ್ ಹ್ಯಾಮಿಲ್ಟನ್ ಪ್ರಮುಖರು. ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಹೋಗುವ ತರುಣರನ್ನು ಕಂಡು ‘ಇದೇನು ಚಂಚಲತೆ!’ ಎಂದು ಉದ್ಗರಿಸುವ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಅಂಥವರು ಈ ಮಹಿಳೆಯ ಉದ್ಯೋಗಚರಿತ್ರೆಯನ್ನು ಒಮ್ಮೆ ಗಮನಿಸುವುದು ಯೋಗ್ಯ.

ಅವರು ಜನಿಸಿದ್ದು 1936ರಲ್ಲಿ, ಇಂಡಿಯಾನಾ ಪ್ರಾಂತದ ಪಾವೋಲಿ ಎಂಬ ಊರಿನಲ್ಲಿ. 1958ರಲ್ಲಿ ಅರ್ಲ್‌ಹ್ಯಾಂ ಕಾಲೇಜಿನಿಂದ ಗಣಿತದಲ್ಲಿ ಪದವಿ ಪಡೆದರು. ಜೊತೆಗೆ ತತ್ತ್ವಶಾಸ್ತ್ರವನ್ನೂ ಉಪವಿಷಯವಾಗಿ ಅಭ್ಯಸಿಸಿದ್ದರು. ಅನಂತರ ಕೆಲಕಾಲ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಫ್ರೆಂಚ್ ಕಲಿಸಿದರು. ಉನ್ನತ ಗಣಿತವನ್ನು ಓದಬೇಕೆಂಬ ಆಶೆಯಿದ್ದರೂ ಸಂಸಾರ ನಿರ್ವಹಣೆಗಾಗಿ 1959ರಲ್ಲಿ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಪವನಶಾಸ್ತ್ರಜ್ಞ ಎಡ್ವರ್ಡ್ ಲೊರೆನ್ಜ್ ಅವರ ಬಳಿ ಕೆಲಸಕ್ಕೆ ಸೇರಿದರು. ಅಲ್ಲಿದ್ದ ಎಲ್‌ಜಿಪಿ-30 ಎಂಬ, ಮೇಜಿನಷ್ಟು ಗಾತ್ರದ ಯಂತ್ರದ ಮೇಲೆ ಹವಾಮಾನದ ಸಮೀಕರಣಗಳನ್ನು ಬಿಡಿಸುವ ಕ್ರಮವಿಧಿಗಳನ್ನು ಬರೆಯುವುದನ್ನು ಕೆಲಸ ಮಾಡುತ್ತಲೇ ಕಲಿತರು. ಆರಂಭಸ್ಥಿತಿಯ ಅತ್ಯಲ್ಪ ವ್ಯತ್ಯಾಸವು ಕಾಲಾಂತರದಲ್ಲಿ ಅಗಾಧ ವ್ಯತ್ಯಾಸವಾಗಿ ಬೆಳೆಯಬಲ್ಲದೆಂಬ ಲೊರೆನ್ಜ್ ಅವರ ಪ್ರಸಿದ್ಧ ಪ್ರಬಂಧವು 1963ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಹ್ಯಾಮಿಲ್ಟನ್ ಆ ಸ್ಥಾನವನ್ನು ಎಲೆನ್ ಫೆಟರ್ ಎಂಬ ಇನ್ನೊಬ್ಬ ತರುಣಿಗೆ ಕಲಿಸಿಕೊಟ್ಟು ಮುಂದೆ ಸಾಗಿದ್ದರು.

ಎರಡನೆಯ ಉದ್ಯೋಗ ಲಿಂಕನ್ ಪ್ರಯೋಗಶಾಲೆಯಲ್ಲಿ. ಶತ್ರುವಿಮಾನಗಳನ್ನು ಪತ್ತೆಹಚ್ಚುವ ‘ಸೇಜ್’ ಎಂಬ ವಾಯುರಕ್ಷಣಾ ವ್ಯವಸ್ಥೆಯ ಕಾರ್ಯ ಅದು. ಹೊಸದಾಗಿ ಬಂದವರಿಗೆ ಅಲ್ಲಿ ಒಂದು ವಿಚಿತ್ರ ದೀಕ್ಷೆ ಕಾದಿರುತ್ತಿತ್ತಂತೆ. ಯಾರಿಂದಲೂ ಬಗೆಹರಿಯದ ಒಂದು ಜಟಿಲ ಕ್ರಮವಿಧಿಯನ್ನು ಅವರ ಕೈಗೆ ಕೊಡುತ್ತಿದ್ದರು. ಅದನ್ನು ಬರೆದ ಮಹಾಶಯನು ವಿವರಣೆಗಳನ್ನೆಲ್ಲ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಬರೆದಿಟ್ಟಿದ್ದ! ಹ್ಯಾಮಿಲ್ಟನ್ ಅದನ್ನು ನಡೆಯುವಂತೆ ಮಾಡಿದರು. ಉತ್ತರಗಳೂ ಗ್ರೀಕ್ ಮತ್ತು ಲ್ಯಾಟಿನ್‌ಗಳಲ್ಲಿಯೇ ಮುದ್ರಿತವಾದುವು. ಆ ಬೃಹದ್ಯಂತ್ರವು ಕೆಲಸ ಮಾಡುವಾಗ ಶಬ್ದ ಹೊರಡಿಸುತ್ತಿತ್ತು. ಅವರ ಕ್ರಮವಿಧಿ ನಡೆಯುವಾಗಿನ ಶಬ್ದ ಕಡಲತೀರದ ಮೊರೆತದಂತಿತ್ತು. ಒಂದು ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಯಂತ್ರದ ನಿರ್ವಾಹಕನು ದೂರವಾಣಿಯಲ್ಲಿ ಅವರನ್ನು ಎಬ್ಬಿಸಿ, ಕಡಲಿನ ಸದ್ದು ನಿಂತುಹೋಗಿದೆಯೆಂದು ವರದಿ ಮಾಡಿದನಂತೆ. ದೋಷವನ್ನು ಕಿವಿಯಿಂದ ಪತ್ತೆಹಚ್ಚುವ ವಿದ್ಯೆಯನ್ನೂ ಅವರು ಹೀಗೆ ಗಳಿಸಿಕೊಂಡರು.

ಇನ್ನು ಅಪೊಲೊ ಯೋಜನೆ. ಮನುಷ್ಯನನ್ನು ಚಂದ್ರನಿಗೆ ಕರೆದೊಯ್ಯುವ ನೌಕೆಯ ಮಾರ್ಗದರ್ಶಕ ಗಣಕವನ್ನು ರಚಿಸುವ ಹೊಣೆಯನ್ನು 1961ರಲ್ಲಿ ಮೆಸಾಚುಸೆಟ್ಸ್ ಸಂಸ್ಥೆಯ ಉಪಕರಣ ಪ್ರಯೋಗಾಲಯಕ್ಕೆ ವಹಿಸಲಾಗಿತ್ತು. ಹ್ಯಾಮಿಲ್ಟನ್ ಅಲ್ಲಿಗೆ ಸೇರಿ, ಕ್ರಮೇಣ ನೌಕಾ ತಂತ್ರಾಂಶ ವಿಭಾಗದ ಮುಖ್ಯಸ್ಥರಾದರು. ಆ ಗಣಕದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಅದರ ತೂಕ ಸುಮಾರು 32 ಕಿಲೋಗ್ರಾಂ. ಅದರ ಸ್ಥಿರ ಸ್ಮೃತಿಯಲ್ಲಿ 36,864 ಪದಗಳಿಗೆ ಸ್ಥಳವಿತ್ತು. ಅಳಿಸಿ ಬರೆಯಬಹುದಾದ ಸ್ಮೃತಿ ಕೇವಲ 2,048 ಪದಗಳದು. ಇಂದು ಕಿಸೆಯಲ್ಲಿರುವ ದೂರವಾಣಿಯ ಒಂದು ಛಾಯಾಚಿತ್ರವೂ ಅದರಲ್ಲಿ ಹಿಡಿಸಲಾರದು. ಸ್ಥಿರ ಸ್ಮೃತಿಯನ್ನು ಅಕ್ಷರಶಃ ನೇಯಬೇಕಾಗಿತ್ತು. ಕಾಂತೀಯ ಉಂಗುರದೊಳಗೆ ತಂತಿ ಹಾಯ್ದರೆ ಒಂದು, ಹೊರಗೆ ಹಾಯ್ದರೆ ಸೊನ್ನೆ. ವಾಲ್ತಮ್‌ನಲ್ಲಿದ್ದ ರೇತಿಯಾನ್ ಕಾರ್ಖಾನೆಯ ಹೆಣ್ಣುಮಕ್ಕಳು ಇದನ್ನು ಕೈಯಾರೆ ನೇಯುತ್ತಿದ್ದರು. ಹೀಗೆ ನೇಯ್ದ ಮೇಲೆ ಒಂದು ಆಜ್ಞೆಯನ್ನು ತಿದ್ದುವುದೆಂದರೆ ಹಗುರವಾದ ಮಾತಲ್ಲ. ಆದುದರಿಂದ ತಪ್ಪು ಎಲ್ಲಿ ಒದಗಬಹುದೆಂಬುದನ್ನು ಮುಂಚಿತವಾಗಿಯೇ ಊಹಿಸುವುದು ಅನಿವಾರ್ಯವಾಗಿತ್ತು.

ಹ್ಯಾಮಿಲ್ಟನ್ ಕೆಲವೊಮ್ಮೆ ರಾತ್ರಿಯ ವೇಳೆ, ರಜಾದಿನಗಳಲ್ಲಿ, ತಮ್ಮ ಪುಟ್ಟ ಮಗಳನ್ನು ಪ್ರಯೋಗಾಲಯಕ್ಕೆ ಕರೆದೊಯ್ಯುತ್ತಿದ್ದರು. ಒಮ್ಮೆ ಆ ಮಗು ಅನುಕರಣ ಯಂತ್ರದ ಗುಂಡಿಗಳನ್ನೊತ್ತುತ್ತ ಆಡುತ್ತಿದ್ದಾಗ ಯಂತ್ರವು ಸ್ತಬ್ಧವಾಯಿತು. ನೌಕೆ ಪಯಣದಲ್ಲಿರುವಾಗ, ಉಡಾವಣೆಗೆ ಮೊದಲು ಮಾತ್ರ ನಡೆಯಬೇಕಾದ ‘ಪಿ-01’ ಎಂಬ ವಿಧಿಯನ್ನು ಮಗು ಆರಂಭಿಸಿತ್ತು. ಗಗನಯಾತ್ರಿಯೂ ಹೀಗೆ ಮಾಡಿಬಿಟ್ಟರೆ? ಇದನ್ನು ತಡೆಯುವ ಆಜ್ಞೆಗಳನ್ನು ಸೇರಿಸೋಣವೆಂದು ತಾಯಿ ಸೂಚಿಸಿದರು. ಯಾತ್ರಿಕರು ತಪ್ಪೇ ಮಾಡದಂತೆ ತರಬೇತಾದವರು, ಇದು ಅನಾವಶ್ಯಕ ಎಂಬ ಉತ್ತರ ಬಂತು. ಕೊನೆಗೆ ಕಡತದಲ್ಲೊಂದು ಎಚ್ಚರಿಕೆಯ ಟಿಪ್ಪಣಿಗಷ್ಟೇ ಅವಕಾಶ ದೊರೆಯಿತು. 1968ರ ಡಿಸೆಂಬರಿನಲ್ಲಿ ಅಪೊಲೊ-8 ಚಂದ್ರನನ್ನು ಸುತ್ತಿ ಹಿಂದಿರುಗುತ್ತಿದ್ದಾಗ, ಅನುಭವಿಯಾದ ಜೇಮ್ಸ್ ಲೊವೆಲ್ ಅವರೇ ನಕ್ಷತ್ರ 01ನ್ನು ಆರಿಸುವ ಬದಲು ವಿಧಿ 01ನ್ನು ಆರಿಸಿದರು! ನೌಕೆಯು ಎತ್ತ ಮುಖಮಾಡಿದೆಯೆಂಬ ಲೆಕ್ಕ ಗಣಕಕ್ಕೆ ತಪ್ಪಿಹೋಯಿತು. ಭೂಮಿಯ ತಂಡದ ನೆರವಿನೊಡನೆ, ನಕ್ಷತ್ರಗಳನ್ನು ವೀಕ್ಷಿಸಿ, ಅದನ್ನು ಮತ್ತೆ ಸರಿಪಡಿಸಬೇಕಾಯಿತು. ಆಮೇಲೆ ಹ್ಯಾಮಿಲ್ಟನ್ನರು ಕೇಳಿದ್ದ ತಡೆಗೆ ಒಪ್ಪಿಗೆ ದೊರೆಯಿತು. ಶ್ರೇಷ್ಠ ತರಬೇತಿ ಪಡೆದವನೂ ತಪ್ಪಬಲ್ಲನೆಂಬುದನ್ನು ಒಂದು ಮಗುವಿನ ಆಟದಲ್ಲಿ ಕಂಡುಕೊಂಡ ಆ ದೃಷ್ಟಿಯೇ, ನನ್ನ ಅಭಿಪ್ರಾಯದಲ್ಲಿ, ಅವರ ಎಲ್ಲ ಪ್ರಶಸ್ತಿಗಳಿಗಿಂತ ಹಿರಿದಾದುದು.

1969ರ ಜುಲೈ 20ರಂದು ಅಪೊಲೊ-11ರ ಅವರೋಹಣ ಯಾನವು ಚಂದ್ರನ ನೆಲಕ್ಕೆ ಇಳಿಯುತ್ತಿದ್ದಾಗ ಗಣಕವು 1202 ಎಂಬ ಅಪಾಯಸೂಚನೆಯನ್ನು ನಾಲ್ಕು ಸಲ, 1201ನ್ನು ಒಂದು ಸಲ ತೋರಿತು. ಆಗ ಬೇಕಿಲ್ಲದಿದ್ದ ಒಂದು ರೇಡಾರ್ ಗಣಕದ ಸಮಯದಲ್ಲಿ ಶೇಕಡ 10ಕ್ಕೂ ಮಿಕ್ಕ ಪಾಲನ್ನು ಕಬಳಿಸುತ್ತಿತ್ತು. ಆದರೆ ಹೊರೆ ಹೆಚ್ಚಿದಾಗ ಗೌಣಕಾರ್ಯಗಳನ್ನು ಕೈಬಿಟ್ಟು, ಮುಖ್ಯಕಾರ್ಯಗಳನ್ನು ಮಾತ್ರ ಮತ್ತೆ ಆರಂಭಿಸುವಂತೆ ತಂತ್ರಾಂಶವನ್ನು ರಚಿಸಲಾಗಿತ್ತು. ಹೂಸ್ಟನ್‌ನಲ್ಲಿದ್ದ ತರುಣ ಅಭಿಯಂತರರಾದ ಜ್ಯಾಕ್ ಗಾರ್ಮನ್ ಮತ್ತು ಸ್ಟೀವ್ ಬೇಲ್ಸ್ ಸೂಚನೆಯ ಅರ್ಥವನ್ನು ಕ್ಷಣಮಾತ್ರದಲ್ಲಿ ಗ್ರಹಿಸಿ ಇಳಿಯಲು ಸಮ್ಮತಿಸಿದರು. ಈ ಯಶಸ್ಸನ್ನು ಕೆಲವರು ಹ್ಯಾಮಿಲ್ಟನ್ ಒಬ್ಬರಿಗೇ ಸಲ್ಲಿಸುತ್ತಾರೆ, ಅದು ನ್ಯಾಯವಲ್ಲ. ಆದ್ಯತೆಯ ಕ್ರಮದಲ್ಲಿ ಕೆಲಸ ಹಂಚುವ ಮೂಲವಿನ್ಯಾಸ ಹಾಲ್‌ಕೋಂಬ್ ಲೇನಿಂಗ್ ಅವರದು, ಬರೆದವರು ಹಲವರು. ತುರ್ತು ಸಂದರ್ಭದಲ್ಲಿ ಯಾತ್ರಿಕರ ಮುಂದಿನ ಸಾಮಾನ್ಯ ಅಂಕಿಗಳನ್ನು ಸರಿಸಿ ಎಚ್ಚರಿಕೆಯನ್ನು ಮೂಡಿಸುವ ಪ್ರದರ್ಶನಗಳು ಹ್ಯಾಮಿಲ್ಟನ್ನರ ವಿಶೇಷ ಕೊಡುಗೆ.

‘ತಂತ್ರಾಂಶ ಎಂಜಿನಿಯರಿಂಗ್’ ಎಂಬ ಮಾತನ್ನು ಅವರು ಬಳಸತೊಡಗಿದಾಗ ಯಂತ್ರಭಾಗ ನಿರ್ಮಿಸುವವರು ನಕ್ಕಿದ್ದುಂಟು. 1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೊ ಆಶ್ರಯದಲ್ಲಿ ಅದೇ ಹೆಸರಿನ ಸಮ್ಮೇಳನವೂ ನಡೆಯಿತಾದ್ದರಿಂದ ಪದದ ಜನಕತ್ವದ ವಿವಾದಕ್ಕೆ ನಾವು ಇಳಿಯುವುದು ಬೇಡ.

ಅಪೊಲೊ ಮುಗಿದ ಬಳಿಕ ಅವರು ಆ ಯೋಜನೆಯಲ್ಲಿ ಕಂಡುಬಂದ ದೋಷಗಳನ್ನೆಲ್ಲ ವರ್ಗೀಕರಿಸಿ ಅಭ್ಯಸಿಸಿದರು. ಅಧಿಕಾಂಶ ದೋಷಗಳು ಒಂದೊಂದು ಭಾಗದೊಳಗೆ ಅಲ್ಲ, ಎರಡು ಭಾಗಗಳು ಕೂಡುವ ಸಂಧಿಯಲ್ಲಿ ಇದ್ದುವೆಂದು ತೋರಿತು. ದೋಷವನ್ನು ಹುಡುಕಿ ತೆಗೆಯುವುದಕ್ಕಿಂತ ಅದು ಹುಟ್ಟದಂತೆಯೇ ರಚಿಸುವ ವಿಧಾನವೊಂದನ್ನು ಅರಸಿ 1976ರಲ್ಲಿ ಸೇಡೀನ್ ಜೆಲ್ಡಿನ್ ಅವರೊಡನೆ ‘ಹೈಯರ್ ಆರ್ಡರ್ ಸಾಫ್ಟ್‌ವೇರ್’ ಎಂಬ ಉದ್ಯಮವನ್ನೂ, 1986ರಲ್ಲಿ ‘ಹ್ಯಾಮಿಲ್ಟನ್ ಟೆಕ್ನಾಲಜೀಸ್’ ಎಂಬ ತಮ್ಮದೇ ಸಂಸ್ಥೆಯನ್ನೂ ಸ್ಥಾಪಿಸಿದರು. ಆ ವಿಧಾನವು ಅವರು ಬಯಸಿದಷ್ಟು ವ್ಯಾಪಕವಾಗಿ ಹರಡಲಿಲ್ಲವೆಂಬುದನ್ನೂ ಹೇಳಬೇಕು. 2003ರಲ್ಲಿ ನಾಸಾ ಸಂಸ್ಥೆಯು ಅವರ ಅಪೊಲೊ ಸೇವೆಗಾಗಿ 37,200 ಡಾಲರುಗಳ ಪುರಸ್ಕಾರವಿತ್ತಿತು. 2016ರ ನವೆಂಬರ್ 22ರಂದು ಅಧ್ಯಕ್ಷ ಬರಾಕ್ ಒಬಾಮ ಅವರಿಗೆ ಸ್ವಾತಂತ್ರ್ಯ ಪದಕವನ್ನು ಪ್ರದಾನ ಮಾಡಿದರು. ಚಂದ್ರನ ಮೇಲೆ ಮಾನವನ ಮೊದಲ ಹೆಜ್ಜೆ ಮೂಡಿ ಆಗ 47 ವರ್ಷಗಳಾಗಿದ್ದುವು.