ಕರಡಿ ನಾಡಿನಲ್ಲಿ ನಮ್ಮ ಬುತ್ತಿ



ಸಟನ್ನಿನಲ್ಲಿ ನಮ್ಮ ಊಟಕ್ಕೆ ಕನ್ನ ಹಾಕುವುದು ನರಿ ಮಾತ್ರ. ಕಸದ ಚೀಲವನ್ನು ರಾತ್ರಿ ಹೊರಗಿಟ್ಟರೆ ಬೆಳಿಗ್ಗೆ ಬೀದಿ ತುಂಬಾ ಸಿಪ್ಪೆ! ಬ್ರಿಟನ್ನಿನ ಕಾಡುಗಳಲ್ಲಿ ಕರಡಿ ಅಳಿದು ಎಷ್ಟೋ ಶತಮಾನಗಳಾದವು. ಹಾಗಾಗಿ ಇಲ್ಲಿ ಕ್ಯಾಂಪಿಂಗ್ ಹೋದಾಗ ಚಕ್ಕುಲಿ ಡಬ್ಬವನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುವುದು ನಮಗೆ ರೂಢಿ. ಅಮೇರಿಕಾದ ನೆಂಟರ ಮನೆಗೆ ಹೋಗಿ, ಅಲ್ಲಿಂದ ಯೊಸೆಮಿಟಿ ಕಾಡಿನಲ್ಲಿ ಒಂದು ರಾತ್ರಿ ಗುಡಾರ ಹಾಕಿದಾಗ ಈ ರೂಢಿಯನ್ನು ಬಿಡಬೇಕಾಯಿತು. ರಜೆಗೆ ಆ ಕಡೆ ಹೊರಟಿರುವ ಕುಟುಂಬಗಳಿಗಾಗಿ ಈ ಬರಹ.

1998ರಲ್ಲಿ ಯೊಸೆಮಿಟಿಯಲ್ಲಿ ಕರಡಿಗಳ ದಾಳಿಯ 1500ಕ್ಕೂ ಹೆಚ್ಚು ಪ್ರಕರಣಗಳಾದವು. ಹೆಚ್ಚಿನವು ಕಾರಿನ ಬಾಗಿಲು ಕಿತ್ತು ತಿಂಡಿ ತೆಗೆದ ಕಥೆಗಳು. ಆಮೇಲೆ ಕಬ್ಬಿಣದ ಪೆಟ್ಟಿಗೆಗಳೂ ಬಿಗಿ ನಿಯಮಗಳೂ ಬಂದು ಸಂಖ್ಯೆ ಬಹಳ ಇಳಿಯಿತು. ಈಗ ಅಲ್ಲಿ ಕತ್ತಲಾದ ಮೇಲೆ ಕಾರಿನಲ್ಲಿ ಆಹಾರ ಇಡುವಂತಿಲ್ಲ. ಮಗುವಿನ ಸೀಟಿನಲ್ಲಿ ಉದುರಿದ ಬಿಸ್ಕತ್ತಿನ ಪುಡಿಯನ್ನೂ ಗುಡಿಸಬೇಕು. ಇದು ನಮ್ಮ ರಕ್ಷಣೆಗಷ್ಟೇ ಅಲ್ಲ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಹೆದರಿಕೆ ಬಿಟ್ಟು ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅಧಿಕಾರಿಗಳೇ ಅದನ್ನು ಕೊಲ್ಲಬೇಕಾಗಬಹುದು.

ಕಾರು ಬಿಟ್ಟು ಒಳಕಾಡಿಗೆ ನಡೆದು ಹೋಗುವವರಿಗೆ 'ಬೇರ್ ಕ್ಯಾನಿಸ್ಟರ್' ಕಡ್ಡಾಯ. ಪರವಾನಗಿ ಕೊಡುವ ಕಡೆಯೇ ಬಾಡಿಗೆಗೆ ಸಿಗುತ್ತದೆ. ಇದು ಗಟ್ಟಿ ಪ್ಲಾಸ್ಟಿಕ್ಕಿನ ಪುಟ್ಟ ಪೀಪಾಯಿ. ಸಾಮಾನ್ಯವಾದ ಒಂದು ಮಾದರಿ ಸುಮಾರು 1.2 ಕಿಲೋ ತೂಗುತ್ತದೆ, ಹತ್ತು ಲೀಟರಿನಷ್ಟು ಹಿಡಿಸುತ್ತದೆ. ಮೈ ನುಣುಪು, ಬಾಯಿಗೆ ಸಿಗದಷ್ಟು ದಪ್ಪ, ಮುಚ್ಚಳ ತೆಗೆಯಲು ನಾಣ್ಯ ಬೇಕು. ವಾಸನೆಯನ್ನು ಇದು ತಡೆಯುವುದಿಲ್ಲ! ಕರಡಿ ಬರಬಹುದು, ಉರುಳಿಸಬಹುದು, ಆದರೆ ಏನೂ ಸಿಗದೆ ಹೋಗುತ್ತದೆ.

ನಮ್ಮ ಕಷ್ಟ ಶುರುವಾಗಿದ್ದು ತುಂಬುವಾಗ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ, ಕೊಬ್ಬರಿ ಮಿಠಾಯಿ: ಅರ್ಧ ಚೀಲವೇ ಆಗಿತ್ತು. ಚಕ್ಕುಲಿ ಕೋಡುಬಳೆಗಳು ಗಾಳಿಯನ್ನೇ ಹೆಚ್ಚು ತುಂಬಿಕೊಳ್ಳುತ್ತವೆ, ಮನೆಯಲ್ಲೇ ಬಿಡಿ. ತೆಳು ಅವಲಕ್ಕಿಗೆ ಒಗ್ಗರಣೆ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ಒತ್ತಿ ತುಂಬಿದರೆ ಚೆನ್ನಾಗಿ ಕೂರುತ್ತದೆ. ಎಲ್ಲ ರಟ್ಟಿನ ಡಬ್ಬಗಳನ್ನೂ ಮೊದಲೇ ಕಳಚಿ. ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ಅಮ್ಮನ ಕೊಬ್ಬರಿ ಎಣ್ಣೆ, ಊಟದ ಕಸ, ಎಲ್ಲಕ್ಕೂ ಒಳಗೇ ಜಾಗ ಬೇಕು. "ಅಪ್ಪಾ, ಕರಡಿ ಪೇಸ್ಟೂ ತಿನ್ನುತ್ತಾ?" ಎಂದು ಮಗಳು ಕೇಳಿದಳು. ವಾಸನೆ ಇದ್ದರೆ ಸಾಕು, ಅದಕ್ಕೆ ಅದು ತಿಂಡಿಯೇ.

ರಾತ್ರಿ ಪೀಪಾಯಿಯನ್ನು ಗುಡಾರದಿಂದ ದೂರ, ಸಮತಟ್ಟಾದ ನೆಲದ ಮೇಲೆ ಇಡಬೇಕು. ಹೊಳೆಯ ಅಥವಾ ಪ್ರಪಾತದ ಅಂಚು ಬೇಡ, ಉರುಳಿ ಹೋದೀತು. ಹಗ್ಗ ಕಟ್ಟಬೇಡಿ, ಕರಡಿಗೆ ಎಳೆದೊಯ್ಯಲು ಹಿಡಿ ಕೊಟ್ಟಂತೆ. ಎಲ್ಲ ಕಡೆ ನಿಯಮ ಒಂದೇ ಅಲ್ಲ. ಯೆಲ್ಲೊಸ್ಟೋನಿನ ಒಳಕಾಡಿನಲ್ಲಿ ಊಟವನ್ನು ತೂಗುಹಾಕಲು ಕಂಬಗಳನ್ನೇ ನಿಲ್ಲಿಸಿದ್ದಾರೆ. ಅಲ್ಲಿ ನೆಲದಿಂದ 10 ಅಡಿ ಎತ್ತರ, ಮಲಗುವ ಜಾಗದಿಂದ 100 ಗಜ ದೂರ ಎಂಬ ಲೆಕ್ಕ. ಯೊಸೆಮಿಟಿಯಲ್ಲಿ ಮರಕ್ಕೆ ತೂಗುಹಾಕುವಂತಿಲ್ಲ, ಅಲ್ಲಿನ ಕರಡಿಗಳು ಆ ವಿದ್ಯೆ ಎಂದೋ ಕಲಿತವು.

ಕಲಿಯುವುದರಲ್ಲಿ ನ್ಯೂಯಾರ್ಕಿನ ಅಡಿರಾಂಡಾಕ್ ಬೆಟ್ಟಗಳ 'ಯೆಲ್ಲೋ-ಯೆಲ್ಲೋ' ಎಂಬ ಹೆಣ್ಣು ಕರಡಿ ಪ್ರಸಿದ್ಧಿ. ಒಂದು ಬಗೆಯ ಪೀಪಾಯಿಯ ಮುಚ್ಚಳ ತಿರುಗಿಸಲು ಕಲಿಯಿತು. ತಯಾರಕರು ಎರಡನೆಯ ಬೀಗ ಸೇರಿಸಿದರು, ಅದನ್ನೂ ಬಿಡಿಸಿತು! ಸಾಫ್ಟ್‌ವೇರ್ ಕೆಲಸದ ನಮಗೆ ಇದು ಬಹಳ ಪರಿಚಿತ ಕಥೆ. 2012ರಲ್ಲಿ ಬೇಟೆಗಾರನೊಬ್ಬನ ಗುಂಡಿಗೆ ಅದು ಸತ್ತಿತು.

ನಮ್ಮ ರಾತ್ರಿ ಸದ್ದಿಲ್ಲದೆ ಕಳೆಯಿತು, ಪೀಪಾಯಿ ಇಟ್ಟಲ್ಲೇ ಇತ್ತು. ಬೆಳಿಗ್ಗೆ ಗುಡಾರ ಮಡಚುವಾಗ ಮಗಳ ಜಾಕೆಟ್ಟಿನ ಜೇಬಿನಿಂದ ಕಾಗದದಲ್ಲಿ ಸುತ್ತಿದ ಅರ್ಧ ಕೊಬ್ಬರಿ ಮಿಠಾಯಿ ಬಿತ್ತು. ರಾತ್ರಿಯಿಡೀ ಅದು ನಮ್ಮ ಮೂವರ ನಡುವೆಯೇ ಮಲಗಿತ್ತು. ಈಗ ಮುಚ್ಚಳ ಹಾಕುವ ಮೊದಲು ಎಲ್ಲರ ಜೇಬನ್ನೂ ಹೊರಳಿಸಿ ನೋಡುತ್ತೇವೆ, ಅಪ್ಪನದೂ ಸೇರಿ.