ತಲೆಗೆ ನೀರು ಬಿದ್ದಾಗ ಬರುವ ಮೂರ್ಛೆ

ಬಿಳಿಕೆರೆ ಹೋಬಳಿಯಿಂದ ಹಿಡಿದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರೆಗಿನ ಹಳ್ಳಿಗಳಲ್ಲಿ ವಾರಕ್ಕೊಮ್ಮೆ ತಲೆಗೆ ನೀರು ಹುಯ್ದುಕೊಳ್ಳುವುದು ಹಳೆಯ ವಾಡಿಕೆ. ಹಂಡೆಯಲ್ಲಿ ನೀರು ಕಾಯಿಸಿ, ನೆತ್ತಿಗೆ ಎಣ್ಣೆ ಒತ್ತಿ, ಸೀಗೆಪುಡಿಯಲ್ಲಿ ತಿಕ್ಕಿ, ಚೆಂಬಿನ ಮೇಲೆ ಚೆಂಬು ಬಿಸಿನೀರು ಸುರಿದುಕೊಂಡರೇ ಸ್ನಾನ ಮಾಡಿದ ಹಾಗೆ. ಇಂಥ ಸ್ನಾನದ ನಡುವೆ ಕೆಲವರ ನೋಟ ಇದ್ದಕ್ಕಿದ್ದಂತೆ ಒಂದೇ ಕಡೆ ನೆಟ್ಟು ನಿಲ್ಲುತ್ತದೆ. ಸಂಬಂಧವಿಲ್ಲದ ಮಾತು ಬಾಯಿಂದ ಬರುತ್ತದೆ, ಕಾರಣವಿಲ್ಲದ ಭಯ ಆವರಿಸುತ್ತದೆ, ಕೆಲವರು ಕೈಕಾಲು ಸೆಳೆದು ಬಿದ್ದುಬಿಡುತ್ತಾರೆ. ಗಾಳಿ ಸೋಕಿತು, ಬಚ್ಚಲಲ್ಲಿ ಏನೋ ಮೆಟ್ಟಿತು ಎಂದು ಮನೆಯವರು ಯಂತ್ರ ಕಟ್ಟಿಸಲು ಹೊರಡುವುದುಂಟು. ವೈದ್ಯವಿಜ್ಞಾನ ಇದನ್ನು ಬಿಸಿನೀರಿನ ಮೂರ್ಛೆ ಎಂದು ಗುರುತಿಸಿ ಅರ್ಧ ಶತಮಾನವೇ ಕಳೆದಿದೆ. ಜಗತ್ತಿನ ಬಹುಭಾಗದಲ್ಲಿ ಅಪರೂಪವಾದ ಈ ಕಾಯಿಲೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಹಳೇ ಮೈಸೂರು ಸೀಮೆಯಲ್ಲಿ, ಅಪರೂಪವೇನಲ್ಲ. ಮೆದುಳು ಬೇರೆ, ನಡವಳಿಕೆ ಬೇರೆ ಎಂದು ನಾವು ಹಾಕಿಕೊಂಡಿರುವ ಗೆರೆ ಎಷ್ಟು ತಪ್ಪು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಕಾಯಿಲೆ ಇನ್ನೊಂದು ಸಿಗುವುದು ಕಷ್ಟ.

ಬಿಸಿನೀರಿನಿಂದ ಮೂರ್ಛೆ ಬರುವುದನ್ನು ಮೊದಲು ದಾಖಲಿಸಿದವರು ನ್ಯೂಜಿಲೆಂಡಿನ ವೈದ್ಯ ಆಲೆನ್, 1945ರಲ್ಲಿ. ಅಲ್ಲಿ ಅದು ಒಬ್ಬ ಬಾಲಕನ ವಿಚಿತ್ರ ಪ್ರಕರಣ ಮಾತ್ರ. ನಮ್ಮಲ್ಲಿ ಅದು ಸಾಲುಸಾಲಾಗಿ ಕಾಣತೊಡಗಿತು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಮೊದಲ ವರದಿ ಬರೆದರು. 1974ರ ಹೊತ್ತಿಗೆ ಅವರ ಅಧ್ಯಯನದಲ್ಲಿ 108 ರೋಗಿಗಳಿದ್ದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಅವರ ತಂಡ 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿತು. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಹಳ್ಳಿಯ ಸ್ಥಿತಿ ತಿಳಿಯುವುದಿಲ್ಲ. ಆ ಕೊರತೆಯನ್ನು ತುಂಬಿದ್ದು ಡಾ. ಮಣಿಯವರ ತಂಡ ಯಳಂದೂರು ತಾಲ್ಲೂಕಿನಲ್ಲಿ ನಡೆಸಿದ ಸಮೀಕ್ಷೆ. ಹಿಂದೆ ಮೈಸೂರು ಜಿಲ್ಲೆಗೇ ಸೇರಿದ್ದ, ಈಗ ಚಾಮರಾಜನಗರ ಜಿಲ್ಲೆಯಲ್ಲಿರುವ ಆ ತಾಲ್ಲೂಕಿನ ಸುಮಾರು 65 ಸಾವಿರ ಜನರಲ್ಲಿ ಸಾವಿರಕ್ಕೆ ನಾಲ್ಕೈದು ಮಂದಿಗೆ ಮೂರ್ಛೆರೋಗ ಕಂಡುಬಂತು. ಹಾಗೆ ಮೂರ್ಛೆರೋಗವಿದ್ದವರಲ್ಲಿ ನೂರಕ್ಕೆ ಸುಮಾರು ಏಳು ಮಂದಿಯದು ಬಿಸಿನೀರಿನ ಮೂರ್ಛೆ. ಅದೇ ವಾಡಿಕೆ, ಅದೇ ಹಂಡೆ, ಅದೇ ಚೆಂಬು ಇರುವ ಹುಣಸೂರು ಸುತ್ತಿನ ತಾಲ್ಲೂಕುಗಳು ಈ ಅಂಕಿಯನ್ನು ತಮ್ಮದಲ್ಲವೆಂದು ತಳ್ಳಿಹಾಕುವಂತಿಲ್ಲ.

ಹಾಗಾದರೆ ಸ್ನಾನ ಮಾಡುವಾಗ ತಲೆಯೊಳಗೆ ನಡೆಯುವುದೇನು? ನೆತ್ತಿಗೆ ಬೀಳುವ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಚರ್ಮದ ನರತುದಿಗಳಲ್ಲಿ ಬಿಸಿಯನ್ನು ಗ್ರಹಿಸುವ ಸೂಕ್ಷ್ಮ ದ್ವಾರಗಳಿವೆ. ಅವುಗಳಲ್ಲಿ ಒಂದು ಸುಮಾರು 43 ಡಿಗ್ರಿ ದಾಟಿದಾಗ ತೆರೆದುಕೊಳ್ಳುತ್ತದೆ. ಬಿಸಿ ಮತ್ತು ಸ್ಪರ್ಶವನ್ನು ದೇಹ ಹೇಗೆ ಅರಿಯುತ್ತದೆ ಎಂಬುದನ್ನು ಬಿಡಿಸಿದ್ದಕ್ಕಾಗಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಬಿಸಿನೀರಿನ ಮೂರ್ಛೆಗೆ ಬಿಸಿಯೊಂದೇ ಕಾರಣವಲ್ಲ. ಮೈಗೆ ಮಾತ್ರ ನೀರು ಹಾಕಿಕೊಂಡಾಗ ಏನೂ ಆಗದವರಿಗೆ ತಲೆಗೆ ಹುಯ್ದುಕೊಂಡಾಗ ಮೂರ್ಛೆ ಬರುತ್ತದೆ. ಬಿಸಿ, ನೆತ್ತಿಯ ಮೇಲೆ ನೀರು ಬೀಳುವ ಸ್ಪರ್ಶ, ಬಿಡುವಿಲ್ಲದೆ ಸುರಿಯುವ ವೇಗ, ಈ ಮೂರೂ ಒಟ್ಟಿಗೆ ಕೂಡಬೇಕು. ಇಂಥ ರೋಗಿಗಳ ದೇಹದ ಉಷ್ಣತೆ ಸ್ನಾನದ ಹೊತ್ತಿನಲ್ಲಿ ಉಳಿದವರಿಗಿಂತ ಬೇಗ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ ಎಂಬುದೂ ಕಂಡುಬಂದಿದೆ. ಮೂರ್ಛೆಯ ಗಳಿಗೆಯಲ್ಲಿ ಮೆದುಳಿನ ರಕ್ತಸಂಚಾರವನ್ನು ಚಿತ್ರಿಸಿ ನೋಡಿದಾಗ ನಿಮ್ಹಾನ್ಸ್ ತಜ್ಞರಿಗೆ ಎರಡು ಜಾಗಗಳು ಎದ್ದು ಕಂಡವು. ಒಂದು, ದೇಹದ ತಾಪವನ್ನು ಹತೋಟಿಯಲ್ಲಿಡುವ ಹೈಪೊಥಲಾಮಸ್. ಇನ್ನೊಂದು, ನೆನಪು ಮತ್ತು ಭಾವನೆಗಳ ನೆಲೆಯಾದ ಕಪೋಲ ಹಾಲೆಯ ಒಳಭಾಗ. ಸ್ನಾನದಲ್ಲಿ ಭಯ ಹುಟ್ಟುವುದು, ಇಲ್ಲದ ದನಿ ಕೇಳುವುದು, ಅಸಂಬದ್ಧ ಮಾತು ಬರುವುದು ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಮೈಮೇಲೆ ಬಂದಂತೆ ಕಾಣುವ ನಡವಳಿಕೆ ಭಾವನೆಯ ನೆಲೆಯಲ್ಲಿ ನರಕೋಶಗಳು ಒಟ್ಟೊಟ್ಟಿಗೆ ಮಿತಿಮೀರಿ ಮಿಡಿದದ್ದರ ಫಲ.

ಈ ಕಾಯಿಲೆಯ ಇನ್ನೊಂದು ಮುಖವನ್ನು ಜನ ಹೆಚ್ಚು ತಪ್ಪು ತಿಳಿಯುತ್ತಾರೆ. ರೋಗಿಗಳಲ್ಲಿ ಸಣ್ಣದೊಂದು ಪಾಲಿನವರಿಗೆ, ನೂರಕ್ಕೆ ಐದರಿಂದ ಹತ್ತು ಮಂದಿಗೆ, ಮೂರ್ಛೆ ಶುರುವಾಗುವ ಮುಂಚೆ ವಿಚಿತ್ರ ಸುಖದ ಅನುಭವವಾಗುತ್ತದೆ. ಆ ಸುಖಕ್ಕಾಗಿ ಅವರು ನೀರು ಸುರಿದುಕೊಳ್ಳುತ್ತಲೇ ಹೋಗುತ್ತಾರೆ. ಹೊರಗಿನಿಂದ ಬಾಗಿಲು ಬಡಿದರೂ ನಿಲ್ಲಿಸುವುದಿಲ್ಲ. ಬೇಕಂತಲೇ ಮಾಡುತ್ತಾನೆ, ಹಠ ಹಿಡಿದಿದ್ದಾಳೆ ಎಂಬ ಬೈಗುಳ ಇಂಥವರಿಗೆ ತಪ್ಪಿದ್ದಲ್ಲ. ಆದರೆ ಮೂರ್ಛೆ ಹುಟ್ಟುವ ಕಪೋಲ ಹಾಲೆಗೂ ಸುಖ ಉಣಿಸುವ ನರಜಾಲಕ್ಕೂ ಒಳನಂಟಿದೆ. ಆ ನರಜಾಲ ಕೆರಳಿದಾಗ ಸುರಿಯುವ ಕೈಯನ್ನು ತಡೆಯುವ ವಿವೇಕವೇ ಮಂಕಾಗುತ್ತದೆ. ಇಚ್ಛೆ ಎಂದು ನಾವು ಕರೆಯುವುದು ಮೆದುಳಿನ ಹೊರಗೆ ಎಲ್ಲೋ ಕುಳಿತು ಅಪ್ಪಣೆ ಕೊಡುವ ಯಜಮಾನನಲ್ಲ. ಅದೂ ನರಕೋಶಗಳ ಕೆಲಸವೇ, ಅದೂ ಕಾಯಿಲೆ ಬೀಳಬಲ್ಲದು. ಹಾಗೆಂದ ಮಾತ್ರಕ್ಕೆ ಮನುಷ್ಯನ ಯಾವ ತಪ್ಪಿಗೂ ಹೊಣೆಯಿಲ್ಲ ಎಂದಾಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ಹಾಗಾಗುವುದಿಲ್ಲ. ಮೂರ್ಛೆಯ ಗಳಿಗೆಯಲ್ಲಿ ಇಲ್ಲದ ಹತೋಟಿ ಉಳಿದ ಹೊತ್ತಿನಲ್ಲಿ ಅದೇ ವ್ಯಕ್ತಿಗೆ ಇರುತ್ತದೆ. ಆ ಹತೋಟಿ ಇರುವಾಗ ಮಾತ್ರೆ ನುಂಗುವ, ನೀರಿನ ಬಿಸಿ ತಗ್ಗಿಸುವ ಹೊಣೆಯನ್ನು ಅವರು ಹೊರಬಲ್ಲರು. ಹೊಣೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಸರಿಯಾಗಿ ಅಳೆಯಲು ಮೆದುಳಿನ ಅರಿವು ನೆರವಾಗುತ್ತದೆ.

ವಾಡಿಕೆಯೇ ರೋಗಕ್ಕೆ ಕಾರಣವಾದರೆ ಬಿಸಿನೀರು ಬಿಟ್ಟರಾಯಿತು, ಇದಕ್ಕೆ ಸಂಶೋಧನೆ ಏಕೆ ಎಂಬುದು ಮೊದಲ ಆಕ್ಷೇಪ. ಕೇಳಲು ಸರಿಯೆನಿಸಿದರೂ ಇದಕ್ಕೆ ಎರಡು ಸಂಗತಿಗಳು ಅಡ್ಡ ಬರುತ್ತವೆ. ಕೋಟ್ಯಂತರ ಜನ ಇದೇ ರೀತಿ ಸ್ನಾನ ಮಾಡುತ್ತಾರೆ, ಮೂರ್ಛೆ ಬರುವುದು ಕೆಲವರಿಗೆ ಮಾತ್ರ. ಅಂದರೆ ಅವರ ಮೆದುಳಿನಲ್ಲಿ ಮೊದಲೇ ಏನೋ ಒಂದು ಒಲವಿದೆ. ಎರಡನೆಯದು ಇನ್ನೂ ಗಂಭೀರ. ಬಿಸಿನೀರಿನ ಮೂರ್ಛೆ ಇದ್ದವರಲ್ಲಿ ಕಾಲು ಭಾಗಕ್ಕೂ ಮೇಲ್ಪಟ್ಟವರಿಗೆ ಮುಂದೆ ಸ್ನಾನದ ಸಂಬಂಧವೇ ಇಲ್ಲದೆ, ತಾನೇ ತಾನಾಗಿ ಮೂರ್ಛೆ ಬರತೊಡಗುತ್ತದೆ. ಇದರ ಒಳಗುಟ್ಟನ್ನು ನಿಮ್ಹಾನ್ಸ್ ತಂಡ ಇಲಿಗಳಲ್ಲಿ ಹುಡುಕಿತು. ಜಿ.ಆರ್. ಉಲ್ಲಾಳ್, ಸತೀಶ್ಚಂದ್ರ ಮತ್ತು ಎಸ್.ಕೆ. ಶಂಕರ್ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ಮತ್ತೆ ಮತ್ತೆ ಬಿಸಿನೀರಿನಿಂದ ಮೂರ್ಛೆ ಬರಿಸಿದಾಗ, ಬರಬರುತ್ತಾ ಕಡಿಮೆ ಬಿಸಿಗೇ ಮೂರ್ಛೆ ಬರತೊಡಗಿತು, ಹೆಚ್ಚು ಹೊತ್ತು ಉಳಿಯತೊಡಗಿತು. ಒಮ್ಮೆ ಉರಿದು ಆರಿದ ಕೊಳ್ಳಿ ಎರಡನೆಯ ಸಲ ಬೇಗ ಹೊತ್ತಿಕೊಳ್ಳುವ ಹಾಗೆ, ಮೂರ್ಛೆ ಕಂಡ ಮೆದುಳು ಮುಂದಿನ ಮೂರ್ಛೆಗೆ ಹದವಾಗುತ್ತದೆ. ಇಲಿಯ ಮೆದುಳು ಮನುಷ್ಯನ ಮೆದುಳಲ್ಲ ನಿಜ. ಆದರೂ ರೋಗಿಗಳಲ್ಲಿ ಕಾಣುವ ಬೆಳವಣಿಗೆಯೂ ಇದೇ ದಿಕ್ಕಿನದು. ತಿಂಗಳಿಗೊಮ್ಮೆ ಬಚ್ಚಲಲ್ಲಿ ಮಾತ್ರ ತಾನೇ ಬರುವುದು ಎಂದು ಕೈಬಿಡುವುದು ಎಷ್ಟು ಅಪಾಯ ಎಂಬುದು ಇದರಿಂದ ತಿಳಿಯುತ್ತದೆ.

ಆ ಒಲವಿನ ಮೂಲ ಹುಡುಕುತ್ತಾ ವಿಜ್ಞಾನಿಗಳು ವಂಶವಾಹಿಗಳವರೆಗೆ ಹೋಗಿದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ, ನಿಮ್ಹಾನ್ಸ್ ಜೊತೆ ಸೇರಿ, ಹಲವು ತಲೆಮಾರುಗಳಲ್ಲಿ ಈ ಮೂರ್ಛೆ ಕಂಡ ಕುಟುಂಬಗಳನ್ನು ಪರೀಕ್ಷಿಸಿತು. 2009ರಲ್ಲಿ 10ನೇ ಮತ್ತು 4ನೇ ವರ್ಣತಂತುಗಳ ನಿರ್ದಿಷ್ಟ ಭಾಗಗಳಲ್ಲಿ ಕಾರಣ ಅಡಗಿದೆ ಎಂದು ತೋರಿಸಿತು. 2017ರಲ್ಲಿ ಇದೇ ತಂಡ ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯಲ್ಲಿ ಕೆಲವು ಅಪರೂಪದ ವ್ಯತ್ಯಾಸಗಳನ್ನು ಗುರುತಿಸಿತು. ಗ್ಲುಟಮೇಟ್ ಮೆದುಳಿನಲ್ಲಿ ನರಕೋಶಗಳನ್ನು ಚುರುಕುಗೊಳಿಸುವ ಮುಖ್ಯ ರಾಸಾಯನಿಕ. ಕೆಲಸ ಮುಗಿದ ಮೇಲೆ ಅದನ್ನು ಒಳಕ್ಕೆ ಸೆಳೆದುಕೊಂಡು ತೆರವು ಮಾಡುವ ಪ್ರೋಟೀನ್ ಈ ವಂಶವಾಹಿಯಿಂದ ತಯಾರಾಗುತ್ತದೆ. ತೆರವು ಸರಿಯಾಗಿ ನಡೆಯದಿದ್ದರೆ ನರಕೋಶಗಳು ಬೇಗ ಕೆರಳುತ್ತವೆ ಎಂಬುದು ಊಹಿಸಲು ಕಷ್ಟವಲ್ಲ. ಹೀಗೆ ಮೆದುಳಿನ ರಸಾಯನವೂ ಬಚ್ಚಲುಮನೆಯ ವಾಡಿಕೆಯೂ ಸೇರಿದಾಗ ರೋಗ ಹೊರಬರುತ್ತದೆ. ಬಿಸಿನೀರು ಸುರಿದುಕೊಳ್ಳದ ನಾಡಿನಲ್ಲಿ ಇದೇ ವ್ಯತ್ಯಾಸ ಹೊತ್ತವರು ಬದುಕಿಡೀ ಏನೂ ತಿಳಿಯದೆ ಇದ್ದುಬಿಡಬಹುದು.

ವಂಶವಾಹಿ ಎಂದ ಕೂಡಲೇ ಹಳ್ಳಿಯ ಮನೆಗಳಲ್ಲಿ ಏಳುವ ಪ್ರಶ್ನೆ ಮದುವೆಯದು. ವಂಶದಲ್ಲೇ ರೋಗವಿದೆ, ಹೆಣ್ಣು ತರುವುದು ಬೇಡ, ಗಂಡಿಗೆ ಕೊಡುವುದು ಬೇಡ ಎಂಬ ಮಾತಿಗೆ ವಿಜ್ಞಾನವೇ ಸಾಕ್ಷಿ ಒದಗಿಸಿದಂತಾಯಿತಲ್ಲವೇ ಎಂದು ಕೇಳಿದರೆ, ಇಲ್ಲ ಎಂದು ಗಟ್ಟಿಯಾಗಿ ಹೇಳಬೇಕಾಗುತ್ತದೆ. ಬಿಸಿನೀರಿನ ಮೂರ್ಛೆ ಇರುವ ಬಹುಪಾಲು ಜನರ ಮನೆತನದಲ್ಲಿ ಬೇರೆ ಯಾರಿಗೂ ಅದು ಇರುವುದಿಲ್ಲ. ಮನೆತನದಲ್ಲಿ ಇದ್ದರೂ ಅದು ಹತೋಟಿಗೆ ಬರುವ ಕಾಯಿಲೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಹಿಂದೆ ಮೂರ್ಛೆರೋಗವನ್ನು ಬುದ್ಧಿಭ್ರಮಣೆಯ ಜೊತೆಗಿಟ್ಟು ಮದುವೆಗೆ ಅಡ್ಡಿ ಎಂದು ಬರೆದಿದ್ದರು. 1999ರ ತಿದ್ದುಪಡಿ ಆ ಮಾತನ್ನು ತೆಗೆದುಹಾಕಿತು. ಕಾನೂನು ಕೈಬಿಟ್ಟ ಕಳಂಕವನ್ನು ಊರು ಹಿಡಿದುಕೊಂಡು ಕೂರುವುದಕ್ಕೆ ಯಾವ ನ್ಯಾಯವೂ ಇಲ್ಲ. ಆ ಹೆದರಿಕೆಯಿಂದಲೇ ಮನೆಯವರು, ಮುಖ್ಯವಾಗಿ ಹೆಣ್ಣುಮಕ್ಕಳ ತಂದೆತಾಯಿ, ರೋಗವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟಷ್ಟು ದಿನವೂ ಮೂರ್ಛೆ ಮೆದುಳಿನಲ್ಲಿ ಬೇರು ಬಿಡುತ್ತಾ ಹೋಗುತ್ತದೆ.

ಅಗ್ಗದ ಮಾತ್ರೆಯಲ್ಲಿ ವಾಸಿಯಾಗುವ ರೋಗಕ್ಕೆ ವರ್ಣತಂತು, ಚಿತ್ರಣ ಯಂತ್ರ ಎಂದು ಇಷ್ಟು ಖರ್ಚೇಕೆ ಎಂಬುದು ಇನ್ನೊಂದು ಆಕ್ಷೇಪ. ಅಗ್ಗದ ಮಾತ್ರೆಯ ಬೆಲೆಯನ್ನು ಸಾಬೀತು ಮಾಡಿದ್ದೂ ಸಂಶೋಧನೆಯೇ ಎಂಬುದನ್ನು ಮರೆಯಬಾರದು. ಫಿನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್ ಎಂಬ ಹಳೆಯ, ಕಡಿಮೆ ಬೆಲೆಯ ಔಷಧಗಳಿಂದಲೇ ಹಳ್ಳಿಯ ಮೂರ್ಛೆರೋಗಿಗಳನ್ನು ನೋಡಿಕೊಳ್ಳಬಹುದು ಎಂದು ಯಳಂದೂರಿನ ಅಧ್ಯಯನ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಮೂಲಕ ಜಗತ್ತಿಗೇ ತಿಳಿಸಿತು. ಬಿಸಿನೀರಿನ ಮೂರ್ಛೆಯ ವಿಷಯದಲ್ಲಿ ದಾರಿ ಇನ್ನೂ ಸುಲಭವಾಯಿತು. ಪ್ರಚೋದನೆ ಯಾವಾಗ ಎಂದು ಗೊತ್ತಿರುವುದರಿಂದ, ಎಷ್ಟೋ ರೋಗಿಗಳಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆ ಕೊಟ್ಟರೆ ಸಾಕು, ದಿನವೂ ಔಷಧ ಬೇಕಿಲ್ಲ ಎಂದು ವೈದ್ಯರು ಕಂಡುಕೊಂಡರು. ತಾನಾಗಿಯೇ ಮೂರ್ಛೆ ಬರುವವರಿಗೆ ಮಾತ್ರ ನಿತ್ಯದ ಔಷಧ. ಇದಲ್ಲದೆ ಈ ಕಾಯಿಲೆ ವಿಜ್ಞಾನಕ್ಕೆ ಕೊಡುವುದೂ ದೊಡ್ಡದು. ಉಳಿದ ಬಹುಪಾಲು ಮೂರ್ಛೆಗಳು ಯಾವಾಗ ಬರುತ್ತವೆಂದು ಯಾರಿಗೂ ತಿಳಿಯದು. ಇಲ್ಲಿ ವೈದ್ಯರ ಎದುರಿನಲ್ಲೇ, ಎಚ್ಚರಿಕೆಯಿಂದ, ಅದು ಶುರುವಾಗುವ ಗಳಿಗೆಯನ್ನು ನೋಡಬಹುದು. ಮೂರ್ಛೆಯ ಹುಟ್ಟನ್ನು ಅರಿಯಲು ಜಗತ್ತಿಗೆ ಇರುವ ಕೆಲವೇ ಕಿಂಡಿಗಳಲ್ಲಿ ಇದೊಂದು, ಅದು ತೆರೆದದ್ದು ನಮ್ಮ ಸೀಮೆಯ ರೋಗಿಗಳಿಂದ.

ಅರಿವು ಇಷ್ಟು ಮುಂದೆ ಹೋಗಿರುವಾಗ ಹಿಂದೆ ಉಳಿದಿರುವುದು ನಮ್ಮ ಅಭ್ಯಾಸ. ಮೂರ್ಛೆ ಬಂದವರ ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಬರೆ ಹಾಕುವುದು ಯಾವುದೂ ಮೂರ್ಛೆಯನ್ನು ನಿಲ್ಲಿಸುವುದಿಲ್ಲ. ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿದೀತು, ಉಸಿರು ಕಟ್ಟೀತು. ಮಾಡಬೇಕಾದದ್ದು ಸರಳ. ಬಿದ್ದವರನ್ನು ಒಲೆ, ಹಂಡೆ, ನೀರಿನಿಂದ ದೂರ ಸರಿಸಿ, ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ಹಾಕದೆ ಜೊತೆಯಲ್ಲಿರಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ. ಈ ಕಾಯಿಲೆ ಇರುವವರು ಉಗುರುಬೆಚ್ಚಗಿನ ನೀರಿನಲ್ಲಿ, ಮೊದಲು ಮೈ ನೆನೆಸಿಕೊಂಡು, ಕುಳಿತು, ಬಿಡುವು ಕೊಟ್ಟು ಕೊಟ್ಟು ತಲೆಗೆ ನೀರು ಹಾಕಿಕೊಳ್ಳಬೇಕು. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬಾರದು. ಮಾತ್ರೆಯನ್ನು ವೈದ್ಯರು ಹೇಳಿದಂತೆ ಮಾತ್ರ ತೆಗೆದುಕೊಳ್ಳಬೇಕು, ತಾವಾಗಿಯೇ ಶುರು ಮಾಡುವುದು, ಬಿಡುವುದು ಎರಡೂ ಅಪಾಯ.

ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯಕ್ಕಾಗಿಯೇ ಒಂದು ಕಾರ್ಯಕ್ರಮ ಆರಂಭಿಸಿದೆ. ಅದರ ಫಲ ಹಳ್ಳಿಗೆ ಮುಟ್ಟಬೇಕಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆಶಾ ಕಾರ್ಯಕರ್ತೆಯರು ಮೂರ್ಛೆಯ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು: ತಲೆಗೆ ನೀರು ಹುಯ್ದುಕೊಳ್ಳುವಾಗ ಬರುತ್ತದೆಯೇ? ಮನೆಯವರು ಅದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರ ಕೊಡಬೇಕು. ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಬಚ್ಚಲಿನಲ್ಲಿ ಹೀಗೆ ಬೀಳುವವರಿದ್ದರೆ, ಯಂತ್ರ ಕಟ್ಟಿಸುವ ಮುನ್ನ ಅವರನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಅವರಿಗಿರುವುದು ಮೆದುಳಿನ ಕಾಯಿಲೆ, ಅದಕ್ಕೆ ಮದ್ದಿದೆ.