ನಿಮಗಿದು ಗೊತ್ತೆ? ಮಾಗಿಯ ಹೊಲದ ಅವರೆ, ಬೆಟ್ಟದ ರಣಹದ್ದು

ಡಿಸೆಂಬರ್‌-ಜನವರಿಯಲ್ಲಿ ಮಾಗಡಿ, ರಾಮನಗರ ಸೀಮೆಯ ಹೊಲಗಳ ಬದುವಿನ ಮೇಲೆ ನಡೆದರೆ ನೋಡುವುದು ಬಹಳಷ್ಟಿದೆ.

• ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾದಾಗ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಮಳೆಗಾಲದಲ್ಲೇ ಬಿತ್ತಿದ್ದರೂ, ರಾಗಿ ಕೊಯ್ಲಾದ ಮೇಲೆ ಮೈತುಂಬ ಕಾಯಿ ಕಟ್ಟುತ್ತದೆ.

• ಕಾಯಿ ಕಿತ್ತಾಗ ಬೆರಳಿಗೆ ಅಂಟುವ ಎಣ್ಣೆಯಂಥ ಜಿಡ್ಡೇ ಸೊಗಡು. ಅದರಲ್ಲಿರುವ ಕೊಬ್ಬಿನಾಮ್ಲಗಳೇ ಆ ಘಮಕ್ಕೆ ಕಾರಣ.

• ಕಾಜಾಣ ಮೇಯುವ ದನದ ಬೆನ್ನೇರಿ ಕೂರುತ್ತದೆ. ಹುಲ್ಲಿನಿಂದ ಹಾರುವ ಕೀಟಗಳನ್ನು ಗಾಳಿಯಲ್ಲೇ ಹಿಡಿದು ತಿನ್ನುತ್ತದೆ.

• ಹಳ್ಳದ ಅಂಚಿನಲ್ಲಿ ಬಾಲ ಕುಣಿಸುವ ಬೂದು ಸಿಪಿಲೆ ಚಳಿಗಾಲದ ಅತಿಥಿ. ಅದು ಮರಿ ಮಾಡುವುದು ಹಿಮಾಲಯ ಮತ್ತು ಅದರಾಚೆಯ ತಂಪು ನಾಡುಗಳಲ್ಲಿ.

• ರಾಮದೇವರ ಬೆಟ್ಟದ ಉದ್ದ ಕೊಕ್ಕಿನ ರಣಹದ್ದಿಗೆ ಚಳಿಗಾಲವೇ ಮರಿ ಮಾಡುವ ಕಾಲ. ಬಂಡೆಯ ಚಾಚಿನ ಮೇಲೆ ಗೂಡು ಕಟ್ಟಿ ಇಡುವುದು ಒಂದೇ ಮೊಟ್ಟೆ.

• ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವುನಿವಾರಕವೇ, ಅವುಗಳ ಕಳೇಬರ ತಿನ್ನುವ ಈ ಹಕ್ಕಿಗಳ ಸಾವಿಗೆ ಮುಖ್ಯ ಕಾರಣವಾಗಿತ್ತು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಗೆ 2006ರಲ್ಲಿ ನಿಷೇಧ ಬಂತು. 2012ರಲ್ಲಿ ಈ ಬೆಟ್ಟ ರಣಹದ್ದು ಧಾಮವಾಯಿತು.

ಗೂಡಿನ ಬಳಿ ಗದ್ದಲ ಮಾಡದಿರುವುದು ನಾವು ಸಲ್ಲಿಸಬಹುದಾದ ದೊಡ್ಡ ಸೇವೆ.